ಗ್ರಹಣಕ್ಕೆ ಮೊದಲೇ ಮುಗಿದಿದ್ದ ಕೆಲಸ

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆ. ಚಿಕ್ಕಮ್ಮ ಒಂದು ಫೈಲ್ ತಂದು ನನ್ನ ತೊಡೆಯ ಮೇಲಿಟ್ಟರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರ ಮಗನಿಗೆ ಮಾಡಿಸಿದ ಎಂಆರ್‌ಐ ಸ್ಕ್ಯಾನಿನ ರಿಪೋರ್ಟು. ಪುಟ್ಟನಿಗೆ ಈಗ ಐದು ವರ್ಷ. ಮೂರು ವರ್ಷದವನಿದ್ದಾಗಿನಿಂದ ಫಿಟ್ಸ್ ಬರುತ್ತಿದೆ. ಎರಡು ಸಲ ಮಾತ್ರೆ ಬದಲಾಯಿಸಿದರೂ ನಿಂತಿಲ್ಲ. “ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲಮ್ಮ, ಇದರಲ್ಲಿ ಏನು ಬರೆದಿದ್ದಾರೆ ಅಂತ ಓದಿ ಹೇಳು” ಎಂದರು.

ಮನೆಯಲ್ಲೊಬ್ಬರು ಬಿಇ ಓದುತ್ತಿದ್ದರೆ ಮಿಕ್ಸಿ, ಮೊಬೈಲು, ಪಹಣಿ, ಪಾಸ್‌ಬುಕ್ಕು ಎಲ್ಲವೂ ಅವರ ಬಳಿಗೇ ಬರುತ್ತವೆ. ಆದರೆ ಎಂಆರ್‌ಐ ಬಂದದ್ದು ಇದೇ ಮೊದಲು. ನಾನು ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಂಡವಳು. ಜೀವಶಾಸ್ತ್ರಕ್ಕೆ ಎಸ್ಸೆಸ್ಸೆಲ್ಸಿಯಲ್ಲೇ ಕೈಮುಗಿದಾಗಿತ್ತು. ರಿಪೋರ್ಟಿನ ಕೊನೆಯ ಸಾಲಿನಲ್ಲಿ ‘ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ’ ಎಂದಿತ್ತು. ಮಿದುಳಿನ ಹೊರಪದರದ ಒಂದು ಭಾಗ ಸರಿಯಾಗಿ ರೂಪುಗೊಂಡಿಲ್ಲ ಎಂದರ್ಥ, ಅಷ್ಟು ಗೂಗಲ್ ಮಾಡಿ ಹೇಳಿದೆ.

“ರೂಪುಗೊಂಡಿಲ್ಲ ಅಂದ್ರೆ ಹೊಟ್ಟೇಲಿದ್ದಾಗಲೇ ಆಗಿದ್ದು ಅಲ್ವಾ?” ಎಂದರು ಚಿಕ್ಕಮ್ಮ. ಹೌದೆಂದೆ. ಅವರು ಫೈಲು ಮುಚ್ಚಿ ಸುಮ್ಮನೆ ಒಳಗೆ ಹೋದರು.

ಆಮೇಲೆ ಅಮ್ಮ ಹೇಳಿದ್ದು ಇದು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ. ಚಿಕ್ಕಮ್ಮ ತುಂಬು ಗರ್ಭಿಣಿ, ಫೆಬ್ರುವರಿಯಲ್ಲಿ ಹೆರಿಗೆ. ಅವತ್ತು ಬೆಳಿಗ್ಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೆಂದು ಅವರು ಈಳಿಗೆಮಣೆಯ ಮೇಲೆ ಕೂತು ಬದನೆಕಾಯಿ ಹೆಚ್ಚಿದ್ದರು. ಅದನ್ನು ಪಕ್ಕದ ಮನೆಯವರು ನೋಡಿದ್ದರು. ಮಗುವಿಗೆ ಮೊದಲ ಸಲ ಫಿಟ್ಸ್ ಬಂದ ದಿನದಿಂದ ಆ ಬದನೆಕಾಯಿ ಮತ್ತೆ ಮತ್ತೆ ಮಾತಿಗೆ ಬರುತ್ತಲೇ ಇದೆ. ಗ್ರಹಣದೋಷದ ಶಾಂತಿ ಎರಡು ಸಲ ಆಗಿದೆ. ಆಪರೇಷನ್ ಆಗುತ್ತದೆಯೇ ಎಂದು ನೋಡಲು ಇನ್ನಷ್ಟು ಪರೀಕ್ಷೆ ಮಾಡಿಸೋಣ ಎಂದು ಡಾಕ್ಟರ್ ಹೇಳಿ ನಾಲ್ಕು ತಿಂಗಳಾದರೂ ಮನೆಯಲ್ಲಿ ಯಾರೂ ಹೊರಟಿಲ್ಲ. ‘ದೋಷ ಕಳೆದರೆ ತಾನೇ ಸರಿಹೋಗುತ್ತೆ’ ಎಂಬುದು ಹಿರಿಯರ ಮಾತು. ಇನ್ನು ಚಿಕ್ಕಮ್ಮನ ಮಾತು, “ನಾನು ಮಾಡಿದ ತಪ್ಪಿಗೆ ಮಗೂನ ತಲೆ ಕೊಯ್ಸಲಾ?”

ರಜೆ ಇಪ್ಪತ್ತು ದಿನವಿತ್ತು. ಮಿದುಳಿನ ಹೊರಪದರ ಹೊಟ್ಟೆಯೊಳಗೆ ಹೇಗೆ, ಯಾವ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಓದಲು ಕೂತೆ. ಚಿಕ್ಕಮ್ಮನಿಗಾಗಿ ಶುರುಮಾಡಿದ್ದು, ಎರಡನೇ ದಿನಕ್ಕೆ ನನಗಾಗಿಯೇ ಆಯಿತು.

ನಮ್ಮ ಮಿದುಳಿನ ಸುಕ್ಕುಸುಕ್ಕಾದ ಹೊರಪದರಕ್ಕೆ ಕಾರ್ಟೆಕ್ಸ್ ಎನ್ನುತ್ತಾರೆ. ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್, ನಮ್ಮಜ್ಜಿ ತಟ್ಟುವ ಅಕ್ಕಿರೊಟ್ಟಿಯಷ್ಟು. ಆ ರೊಟ್ಟಿಯೊಳಗೆ ಆರು ಪದರಗಳಿವೆ. ಪ್ರತಿ ಪದರಕ್ಕೂ ಬೇರೆ ಕೆಲಸ. ಕಣ್ಣು, ಚರ್ಮ, ಕಿವಿಗಳಿಂದ ಬರುವ ಸುದ್ದಿ ಮುಖ್ಯವಾಗಿ ನಾಲ್ಕನೆಯದಕ್ಕೆ ಬಂದಿಳಿಯುತ್ತದೆ. ಬೆನ್ನುಹುರಿಗೆ ಆಜ್ಞೆ ಹೊರಡುವುದು ಐದನೆಯದರಿಂದ. ಮೇಲಿನ ಎರಡು ಮೂರನೆಯವು ಕಾರ್ಟೆಕ್ಸಿನ ಬೇರೆ ಭಾಗಗಳೊಡನೆ ಮಾತಾಡುತ್ತವೆ. ಹಲವು ಪದರಗಳಿರುವ ಸರ್ಕ್ಯೂಟ್ ಬೋರ್ಡಿನಂತೆಯೇ ಇದೂ. ಪದರ ಅದಲುಬದಲಾದರೆ ತಂತಿ ಎಲ್ಲೆಲ್ಲಿಗೋ ಸೇರುತ್ತದೆ.

ಬೋರ್ಡನ್ನು ಕಟ್ಟುವವರು ಹೊರಗಿನಿಂದ ಕಟ್ಟುತ್ತಾರೆ. ಮಿದುಳನ್ನು ಹೊರಗಿನಿಂದ ಕಟ್ಟುವವರಿಲ್ಲ. ಭ್ರೂಣದ ಮಿದುಳಿನ ಒಳಗೆ ದ್ರವ ತುಂಬಿದ ಟೊಳ್ಳು ಜಾಗವೊಂದಿರುತ್ತದೆ. ಅದರ ಗೋಡೆಯ ಬಳಿ ನರಕೋಶಗಳು ಹುಟ್ಟುತ್ತವೆ. ಅಲ್ಲಿಂದ ಮೇಲ್ಮೈವರೆಗೆ ಉದ್ದದ ಎಳೆಗಳು ನಿಂತಿರುತ್ತವೆ. ಹುಟ್ಟಿದ ಕೋಶ ಆ ಎಳೆಯನ್ನು ತಬ್ಬಿ, ಕೊನೆಗಾರ ಅಡಿಕೆಮರ ಹತ್ತುವಂತೆ ಹತ್ತುತ್ತದೆ. 1972ರಲ್ಲಿ ಪಾಸ್ಕೊ ರಾಕಿಚ್ ಎಂಬ ವಿಜ್ಞಾನಿ ಮಂಗನ ಭ್ರೂಣದ ಮಿದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ವಿವರಿಸಿದರು.

ಹತ್ತುವ ಕ್ರಮ ಮಾತ್ರ ವಿಚಿತ್ರ. ಮನೆಗೆ ಮೊದಲ ಮಹಡಿ, ಆಮೇಲೆ ಎರಡನೆಯದು ಎಂದು ಕಟ್ಟುವುದು ಸರಿಯೇ. ಆದರೆ ಇಲ್ಲಿ ಎರಡನೇ ಮಹಡಿಯ ಇಟ್ಟಿಗೆ ಮೊದಲ ಮಹಡಿಯ ಗೋಡೆಯೊಳಗಿಂದಲೇ ನುಸುಳಿ ಮೇಲೆ ಹೋಗಬೇಕು! ಹಿಂದಿನ ಬಾಗಿಲೊಂದೇ ಇರುವ ಬಸ್ಸನ್ನು ನೆನೆಸಿಕೊಳ್ಳಿ. ಮೊದಲು ಹತ್ತಿದವರು ಬಾಗಿಲ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಆಮೇಲೆ ಹತ್ತಿದವರು ಅವರನ್ನು ದಾಟಿ ಮುಂದಿನ ಸೀಟಿಗೆ, ಇನ್ನೂ ತಡವಾದವರು ಇನ್ನೂ ಮುಂದಕ್ಕೆ. ಹೀಗೆ ಮೊದಲು ಹುಟ್ಟಿದ ಕೋಶಗಳು ಕೆಳಗಿನ ಪದರಗಳಲ್ಲೂ ಕೊನೆಗೆ ಹುಟ್ಟಿದವು ಮೇಲಿನ ಪದರಗಳಲ್ಲೂ ನೆಲೆಸುತ್ತವೆ. 1961ರಲ್ಲಿ ಆಂಜವೀನ್ ಮತ್ತು ಸಿಡ್‌ಮನ್ ಎಂಬಿಬ್ಬರು ಇಲಿಯ ಭ್ರೂಣದಲ್ಲಿ ಒಂದೊಂದು ದಿನ ಹುಟ್ಟಿದ ಕೋಶಗಳಿಗೆ ವಿಕಿರಣಶೀಲ ಗುರುತು ಹಾಕಿ ಇದನ್ನು ತೋರಿಸಿದರು.

ಬಸ್ಸಿನಲ್ಲಾದರೆ ‘ಮುಂದೆ ಹೋಗ್ರೀ, ಮುಂದೆ ಹೋಗ್ರೀ’ ಎಂದು ಕೂಗಲು ಕಂಡಕ್ಟರ್ ಇರುತ್ತಾರೆ. ಇಲ್ಲಿ?

ಇಲ್ಲೂ ಇದ್ದಾರೆ. ಆ ಕಂಡಕ್ಟರ್ ಸಿಕ್ಕಿದ್ದು ತೂರಾಡುವ ಇಲಿಯಿಂದ. 1951ರಲ್ಲಿ ಎಡಿನ್‌ಬರೋದ ತಳಿವಿಜ್ಞಾನಿ ಡಗ್ಲಸ್ ಫಾಲ್ಕನರ್, ಕುಡಿದವರಂತೆ ತೂರಾಡುತ್ತ ನಡೆಯುವ ಇಲಿಗಳ ಬಗ್ಗೆ ಬರೆದರು. ಅವಕ್ಕೆ ‘ರೀಲರ್’ ಎಂಬ ಹೆಸರಾಯಿತು. ಮುಂದೆ ಅವುಗಳ ಮಿದುಳನ್ನು ಸೀಳಿ ನೋಡಿದರೆ ಕಾರ್ಟೆಕ್ಸಿನ ಪದರಗಳು ಹೆಚ್ಚುಕಡಿಮೆ ತಲೆಕೆಳಗು. ಮೊದಲು ಹುಟ್ಟಿದವು ಮೇಲೆ, ತಡವಾಗಿ ಹುಟ್ಟಿದವು ಕೆಳಗೆ. ನಮ್ಮ ಬಸ್ಸಿನಲ್ಲಿ ಯಾರೂ ಯಾರನ್ನೂ ದಾಟದೆ, ಮೊದಲು ಹತ್ತಿದವರು ನೂಕಿಸಿಕೊಂಡು ಮುಂದಕ್ಕೆ ಹೋಗಿ, ಕೊನೆಗೆ ಬಂದವರು ಬಾಗಿಲಲ್ಲೇ ನಿಂತಂತೆ. ಇದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 1995ರಲ್ಲಿ, 44 ವರ್ಷಗಳ ಮೇಲೆ. ಆ ಜೀನ್ ತಯಾರಿಸುವ ಪ್ರೋಟೀನಿಗೆ ರೀಲಿನ್ ಎಂದು ಹೆಸರಿಟ್ಟರು. ಅದನ್ನು ಸ್ರವಿಸುವುದು ಕಾರ್ಟೆಕ್ಸಿನ ಮೇಲ್ಮೈಯಲ್ಲಿ, ಎಲ್ಲರಿಗಿಂತ ಮೊದಲು ಬಂದು ಕೂತಿರುವ ಕಾಹಾಲ್–ರೆಟ್‌ಸಿಯಸ್ ಕೋಶಗಳು. ಸ್ಪೇನಿನ ಕಾಹಾಲ್ ಈ ಕೋಶಗಳ ಚಿತ್ರವನ್ನು 19ನೇ ಶತಮಾನದ ಕೊನೆಯಲ್ಲೇ ಬರೆದಿಟ್ಟಿದ್ದರು. ಅವು ಅಲ್ಲಿ ಏನು ಮಾಡುತ್ತವೆ ಎಂದು ತಿಳಿಯಲು ನೂರು ವರ್ಷ ಬೇಕಾಯಿತು. ರೀಲಿನ್ ಕೂಗುವುದು ‘ಮುಂದೆ ಬನ್ನಿ’ ಎಂದೋ ‘ಇಲ್ಲಿ ಇಳಿಯಿರಿ’ ಎಂದೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಆ ಕೂಗು ಇಲ್ಲದಿದ್ದರೆ ಪದರವಿಲ್ಲ. ಇದೇ ಜೀನ್ ಕೆಟ್ಟ ಮಕ್ಕಳೂ ಇದ್ದಾರೆಂದು 2000ದಲ್ಲಿ ಗೊತ್ತಾಯಿತು. ಅವರ ಮಿದುಳಿನಲ್ಲಿ ಸುಕ್ಕುಗಳೇ ಸರಿಯಾಗಿ ಮೂಡಿರುವುದಿಲ್ಲ.

ಇಷ್ಟು ಓದುವಾಗ ನನಗೊಂದು ಲೆಕ್ಕ ಹೊಳೆಯಿತು. ಕಂಪ್ಯೂಟರ್ ಸೈನ್ಸಿನವರು ಯಾರಾದರೂ ಮಾಡಬಹುದಾದ ಲೆಕ್ಕ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅಕ್ಷರಗಳು ನಾಲ್ಕೇ ಬಗೆ, ಅಂದರೆ ಅಕ್ಷರಕ್ಕೆ ಎರಡು ಬಿಟ್. ಒಟ್ಟು 750 ಎಂಬಿ, ಒಂದು ಸಿನಿಮಾ ಫೈಲಿನಷ್ಟು. ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಅವುಗಳ ನಡುವಿನ ಸಂಪರ್ಕಗಳನ್ನು ನೂರು ಲಕ್ಷ ಕೋಟಿ ಎಂದು ಅಂದಾಜಿಸುತ್ತಾರೆ. ಪ್ರತಿ ಸಂಪರ್ಕ ಯಾವ ಕೋಶಕ್ಕೆ ಹೋಗಬೇಕೆಂದು ವಿಳಾಸ ಬರೆದಿಡಲು ಒಂದೊಂದಕ್ಕೂ 37 ಬಿಟ್ ಬೇಕು. ಗುಣಿಸಿದರೆ 460 ಟೆರಾಬೈಟ್ ದಾಟುತ್ತದೆ. 750 ಎಂಬಿಯಲ್ಲಿ ಇದು ಎಲ್ಲಿ ಹಿಡಿಸೀತು? ಅಂದಮೇಲೆ ಡಿಎನ್‌ಎಯಲ್ಲಿ ಮಿದುಳಿನ ನಕ್ಷೆ ಇರಲು ಸಾಧ್ಯವೇ ಇಲ್ಲ. ಇರುವುದು ‘ಈ ವಾಸನೆ ಬಂದರೆ ಹತ್ತಿರ ಹೋಗು, ಆ ವಾಸನೆ ಬಂದರೆ ದೂರ ಸರಿ, ಇಂಥವರು ಸಿಕ್ಕಿದರೆ ನಿಲ್ಲು’ ಎಂಬ ನಿಯಮಗಳು ಮಾತ್ರ.

ನನಗಿದ್ದ ಕಲ್ಪನೆ ಬೇರೆ. ಕಾಲೇಜಿನ ಮಿನಿ ಪ್ರಾಜೆಕ್ಟಿಗೆ ನಾವೊಂದು ನ್ಯೂರಲ್ ನೆಟ್‌ವರ್ಕ್ ಮಾಡಿದ್ದೆವು. ಅದರ ತೂಕಗಳನ್ನೆಲ್ಲ ಮೊದಲಿಗೆ ಮನಬಂದಂತೆ ತುಂಬುತ್ತೇವೆ, ಆಮೇಲೆ ಕಲಿಸಿ ಕಲಿಸಿ ಸರಿ ಮಾಡುತ್ತೇವೆ. ಮಿದುಳೂ ಹಾಗೇ ಖಾಲಿಯಾಗಿ ಹುಟ್ಟಿ ಕಲಿತೇ ಎಲ್ಲವನ್ನೂ ಜೋಡಿಸಿಕೊಳ್ಳುತ್ತದೆ ಎಂದುಕೊಂಡಿದ್ದೆ. ಒಂದು ಕಾಲಕ್ಕೆ ಹೀಗೆ ನಂಬಿದ್ದ ವಿಜ್ಞಾನಿಗಳೂ ಇದ್ದರು. 1940ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರಿ ಕಪ್ಪೆಯ ಕಣ್ಣಿನ ನರ ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿ ಕೂರಿಸಿದರು. ಕಪ್ಪೆಯಲ್ಲಿ ಈ ನರ ಮತ್ತೆ ಬೆಳೆಯುತ್ತದೆ. ಬೆಳೆಯಿತು, ದೃಷ್ಟಿಯೂ ಬಂತು. ಆದರೆ ನೊಣ ಮೇಲೆ ಹಾರಿದರೆ ಕಪ್ಪೆ ಕೆಳಕ್ಕೆ ನಾಲಿಗೆ ಚಾಚಿತು. ಎಷ್ಟು ಸಲ ತಪ್ಪಿದರೂ ಅದು ತಿದ್ದಿಕೊಳ್ಳಲಿಲ್ಲ. ಎಳೆಗಳು ತಮ್ಮ ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗಿ ಸೇರಿದ್ದವು. ಕೋಶಗಳ ಮೇಲೆ ರಾಸಾಯನಿಕ ಗುರುತುಗಳಿವೆ, ಎಳೆಗಳು ಅದನ್ನು ಗುರುತಿಸುತ್ತವೆ ಎಂದು ಸ್ಪೆರಿ 1963ರಲ್ಲಿ ವಾದಿಸಿದರು. ಕಲಿಕೆ ಸುಳ್ಳೆಂದಲ್ಲ. ಸಂಪರ್ಕಗಳನ್ನು ತಿದ್ದಿ ತೀಡುವುದು ಕಲಿಕೆಯೇ. ಆದರೆ ಅದು ಶುರುವಾಗುವ ಹೊತ್ತಿಗೆ ಮನೆ ಎದ್ದು ನಿಂತಿರುತ್ತದೆ.

ಆ ಗುರುತುಗಳಲ್ಲಿ ಒಂದರ ಹೆಸರು ನೋಡಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ನೆಟ್ರಿನ್. ನಮ್ಮ ‘ನೇತಾರ’ ಬಂದಿರುವ ‘ನೇತೃ’ ಎಂಬ ಸಂಸ್ಕೃತ ಪದದಿಂದಲೇ ಕಟ್ಟಿದ ಹೆಸರು, ದಾರಿ ತೋರುವವನು ಎಂದು. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರ್ಕ್ ಟೆಸಿಯೆ–ಲವೀನ್ ಅವರ ತಂಡ ಸಾವಿರಾರು ಕೋಳಿ ಭ್ರೂಣಗಳ ಮಿದುಳಿನಿಂದ ಇದನ್ನು ಬೇರ್ಪಡಿಸಿತು. ಬೆನ್ನುಹುರಿಯಲ್ಲಿ ಕೆಲವು ನರಗಳ ಎಳೆಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಡುಗೆರೆ ದಾಟಬೇಕು. ಅವನ್ನು ನಡುಗೆರೆಯ ಕಡೆಗೆ ಸೆಳೆಯುವುದು ನೆಟ್ರಿನ್. ಇದರ ದಾಯಾದಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲೂ ಇದೆ. ಕೋಟ್ಯಂತರ ವರ್ಷಗಳಿಂದ ಬದಲಾಯಿಸದ ಕೋಡ್!

ಸೆಳೆದರಷ್ಟೇ ಸಾಲದು, ದಾಟಿದ ಮೇಲೆ ಹಿಂತಿರುಗಬಾರದು. ಅದಕ್ಕೆ ಸ್ಲಿಟ್ ಎಂಬ ಇನ್ನೊಂದು ಪ್ರೋಟೀನು ನಡುಗೆರೆಯಲ್ಲೇ ಕೂತು ದಾಟಿದವರನ್ನು ದೂರ ತಳ್ಳುತ್ತದೆ. ಅದರ ಸಂಕೇತ ಹಿಡಿಯುವ ಆಂಟೆನಾದ ಜೀನ್ ಕೆಟ್ಟ ಹಣ್ಣುನೊಣಗಳಲ್ಲಿ ಎಳೆಗಳು ನಡುಗೆರೆಯನ್ನು ಮತ್ತೆ ಮತ್ತೆ ದಾಟುತ್ತ ಸುತ್ತು ಹಾಕುತ್ತವೆ. ಆ ಜೀನಿಗೆ ಇಟ್ಟ ಹೆಸರು ರೌಂಡಬೌಟ್. ಮೈಸೂರಿನ ಸರ್ಕಲ್ಲುಗಳಲ್ಲಿ ದಾರಿ ತಪ್ಪಿದವರಿಗೆ ವಿವರಣೆ ಬೇಡ. ಇನ್ನು ನೆಟ್ರಿನ್‌ನ ಸಂಕೇತ ಹಿಡಿಯುವ ಡಿಸಿಸಿ ಎಂಬ ಜೀನಿನಲ್ಲಿ ದೋಷವಿರುವ ಮನುಷ್ಯರು ಬಲಗೈ ಬೆರಳು ಮಡಿಸಿದರೆ ಎಡಗೈ ಬೆರಳೂ ತಾನಾಗಿ ಮಡಿಸುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಅವರಿಗೆ ಬುದ್ಧಿ, ಮಾತು ಎಲ್ಲ ಚೆನ್ನಾಗಿಯೇ ಇರಬಹುದು. ಷರ್ಟಿನ ಗುಂಡಿ ಹಾಕುವುದು ಕಷ್ಟ.

ಪಠ್ಯಪುಸ್ತಕದ ಕತೆಯನ್ನೂ ಪೂರ್ತಿ ನಂಬಬೇಕಿಲ್ಲ ಎಂಬುದು ನನಗೆ ಇಷ್ಟವಾದ ಸಂಗತಿ. ನಡುಗೆರೆಯಿಂದ ನೆಟ್ರಿನ್ ಮಲ್ಲಿಗೆಯ ಘಮದಂತೆ ದೂರದವರೆಗೆ ಹರಡಿ ಎಳೆಗಳನ್ನು ಕರೆಯುತ್ತದೆ ಎಂದೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಲಿಸಿದರು. 2017ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ನಡುಗೆರೆಯ ನೆಟ್ರಿನ್ನನ್ನಷ್ಟೇ ತೆಗೆದು ನೋಡಿದವು. ಎಳೆಗಳು ಬಹುಮಟ್ಟಿಗೆ ಸರಿಯಾಗಿಯೇ ದಾಟಿದವು. ದಾರಿಯುದ್ದಕ್ಕೂ ಹಾಸಿದ ನೆಟ್ರಿನ್ ಹೆಚ್ಚು ಮುಖ್ಯ ಎಂದಾಯಿತು. ಮುಂದಿನ ಪ್ರಯೋಗಗಳು ಎರಡಕ್ಕೂ ಪಾಲಿದೆ ಎಂದವು. ದಾರಿ ತೋರುವವನು ಎಂದರೆ ದೂರದ ದೀಪವೂ ಹೌದು, ಕಾಲಡಿಯ ಕಲ್ಲೂ ಹೌದು.

ಇಷ್ಟೆಲ್ಲ ದಾಟಿ ತಂತಿ ಸರಿಯಾದ ಊರಿಗೆ ಬಂದ ಮೇಲೆ ಸರಿಯಾದ ಮಹಡಿ ಹುಡುಕಬೇಕು. ಕಣ್ಣಿನ ರೆಟಿನಾದಲ್ಲಿ ಎಳೆಗಳು ಕೈ ಕೂಡಿಸುವ ಒಂದು ತೆಳು ವಲಯದೊಳಗೇ ಹತ್ತಕ್ಕೂ ಹೆಚ್ಚು ಉಪಪದರಗಳಿವೆ. ಯಮಗಾಟ ಮತ್ತು ಸೇನ್ಸ್ ಎಂಬ ವಿಜ್ಞಾನಿಗಳು ಕೋಳಿಮರಿಯ ರೆಟಿನಾದಲ್ಲಿ ಸೈಡ್‌ಕಿಕ್ ಎಂಬ ಅಂಟು ಪ್ರೋಟೀನುಗಳನ್ನು ಕಂಡರು. ಒಂದೇ ಬಗೆಯ ಸೈಡ್‌ಕಿಕ್ ಇರುವ ಕೋಶಗಳು ಒಂದೇ ಉಪಪದರದಲ್ಲಿ ಕೈ ಕೂಡಿಸುತ್ತವೆ. ಬೇರೆ ಕೋಶದೊಳಗೆ ಅದನ್ನು ಬಲವಂತವಾಗಿ ತುಂಬಿದರೆ ಆ ಕೋಶವೂ ಇವರ ಪದರಕ್ಕೇ ಬಂದು ಸೇರುತ್ತದೆ. ಹಾಸ್ಟೆಲಿನಲ್ಲಿ ಒಂದೇ ಜಿಲ್ಲೆಯವರು ಒಂದೇ ರೂಮು ಸೇರುವುದು ಇದಕ್ಕಿಂತ ಬೇರೆಯೇನಲ್ಲ.

ಇನ್ನು ಪುಟ್ಟನ ವಿಷಯ. ಈ ತೊಂದರೆಯಲ್ಲಿ ಮಿದುಳಿನ ಒಂದು ಸಣ್ಣ ಜಾಗದಲ್ಲಿ ಪದರಗಳು ಕಲಸಿಹೋಗಿರುತ್ತವೆ, ಉಳಿದ ಮಿದುಳು ಸರಿಯಾಗಿರಬಹುದು. ಇದರಲ್ಲೂ ಹಲವು ಬಗೆಗಳಿವೆ. ಒಂದು ಬಗೆಯಲ್ಲಿ ಕೋಶಗಳು ವಿಪರೀತ ದೊಡ್ಡದಾಗಿ, ಆಕಾರಗೆಟ್ಟು, ಜಾಗ ತಪ್ಪಿರುತ್ತವೆ. 2015ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಇಂಥ ಮಕ್ಕಳ ಆಪರೇಷನ್ನಿನಲ್ಲಿ ತೆಗೆದ ತುಣುಕುಗಳನ್ನು ಪರೀಕ್ಷಿಸಿದರು. ಕೋಶ ಎಷ್ಟು ಬೆಳೆಯಬೇಕೆಂದು ಹೇಳುವ ಎಂಟಾರ್ ಎಂಬ ಜೀನಿನಲ್ಲಿ ಕೆಲವರಿಗೆ ಒಂದಕ್ಷರ ಬದಲಾಗಿತ್ತು. ಅದೂ ಆ ತುಣುಕಿನ ಕೆಲವೇ ಕೋಶಗಳಲ್ಲಿ, ರಕ್ತದಲ್ಲಿ ಅಲ್ಲ. ಅಂದರೆ ಅದು ಅಪ್ಪನಿಂದಲೂ ಬಂದದ್ದಲ್ಲ, ಅಮ್ಮನಿಂದಲೂ ಅಲ್ಲ. ಕೋಟಿಗಟ್ಟಲೆ ಕೋಶಗಳು ಒಡೆದು ಎರಡಾಗುವ ಹೊತ್ತಿನಲ್ಲಿ ಯಾವುದೋ ಒಂದು ಕೋಶ ಡಿಎನ್‌ಎ ನಕಲು ಮಾಡುವಾಗ ಒಂದಕ್ಷರ ತಪ್ಪಿತು. ಅದರ ಸಂತತಿಯೆಲ್ಲ ಆ ತಪ್ಪನ್ನು ಹೊತ್ತು ಹತ್ತಿತು, ಎಲ್ಲಿ ಇಳಿಯಬೇಕೆಂದು ತಿಳಿಯದೆ ಎಲ್ಲೋ ಇಳಿಯಿತು. ಪುಟ್ಟನದು ಇದೇ ಬಗೆಯೆಂದು ಡಾಕ್ಟರ್ ಹೇಳಿಲ್ಲ, ಸ್ಕ್ಯಾನ್ ಒಂದರಿಂದಲೇ ಹೇಳಲಾಗದು. ನಾನೂ ಹಾಗೆಂದು ಹೇಳುವುದಿಲ್ಲ.

ತಾರೀಖಿನ ಲೆಕ್ಕ ಮಾತ್ರ ನಾನು ಹಾಕಬಲ್ಲೆ. ಅಟ್ಟದ ಮೇಲೆ 2019ರ ಹಳೆಯ ಕ್ಯಾಲೆಂಡರ್ ಇತ್ತು. ಕಾರ್ಟೆಕ್ಸಿನ ಕೋಶಗಳು ಮೇಲಕ್ಕೆ ಹತ್ತುವ ಭರಾಟೆ ಗರ್ಭದ ಹನ್ನೆರಡರಿಂದ ಇಪ್ಪತ್ತನೇ ವಾರದವರೆಗೆ, ಇಪ್ಪತ್ನಾಲ್ಕರ ಸುಮಾರಿಗೆ ಬಹುಪಾಲು ಮುಗಿದಿರುತ್ತದೆ. ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸಿದೆ. ಸೆಪ್ಟೆಂಬರ್ 2ರ ಗಣೇಶನ ಹಬ್ಬಕ್ಕೆ ಹತ್ತುವಿಕೆ ಜೋರಾಗಿತ್ತು. ದೀಪಾವಳಿಯ ಹೊತ್ತಿಗೆ ಹೆಚ್ಚಿನವು ತಮ್ಮ ಸೀಟು ಹಿಡಿದಿದ್ದವು. ಗ್ರಹಣ ಬಂದಾಗ ಚಿಕ್ಕಮ್ಮನಿಗೆ ಎಂಟು ತಿಂಗಳು. ಬದನೆಕಾಯಿ ಹೆಚ್ಚುವ ಹೊತ್ತಿಗೆ ಆಗಬೇಕಾದ್ದು ಆಗಿ ಎರಡು ತಿಂಗಳಾಗಿತ್ತು.

ಈ ಲೆಕ್ಕದಲ್ಲಿ ನನಗೊಂದು ಅಳುಕೂ ಇದೆ. ಗ್ರಹಣ ಸೆಪ್ಟೆಂಬರಿನಲ್ಲೇ ಬಿದ್ದಿದ್ದರೆ? ಆಗಲೂ ಚಂದ್ರನ ನೆರಳಿಗೆ ರೀಲಿನ್‌ನ ಕೂಗನ್ನು ನಿಲ್ಲಿಸುವ ಶಕ್ತಿಯಿಲ್ಲ, ಈಳಿಗೆಮಣೆಗಂತೂ ಇಲ್ಲವೇ ಇಲ್ಲ. ಆದರೆ ಈ ವಾದ ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ತಾರೀಖಿನ ವಾದ ನಡೆಯುತ್ತದೆ. ಹಾಗಾಗಿ ಅದನ್ನೇ ಹಿಡಿದೆ.

ಓದುವಾಗ ಸಿಕ್ಕ ಇನ್ನೊಂದು ವಿಷಯ, ನನ್ನಂತೆ ಮುಂದೇನು ಎಂದು ಯೋಚಿಸುತ್ತಿರುವವರಿಗೆ. ಐಐಟಿ ಮದ್ರಾಸಿನ ಮಿದುಳು ಕೇಂದ್ರವು 2024ರ ಡಿಸೆಂಬರಿನಲ್ಲಿ ‘ಧರಣಿ’ ಎಂಬ ಅಟ್ಲಾಸ್ ಹೊರತಂದಿದೆ. ಉಳಿಯದ ಭ್ರೂಣಗಳ ಮಿದುಳಿನ 5,132 ತೆಳು ಹಾಳೆಗಳ ಚಿತ್ರಗಳು, ಹದಿನಾಲ್ಕರಿಂದ ಇಪ್ಪತ್ನಾಲ್ಕನೇ ವಾರದವರೆಗಿನವು, ಯಾರು ಬೇಕಾದರೂ ನೋಡಬಹುದು. ಕೇಂದ್ರದ ಮುಖ್ಯಸ್ಥರು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರು. ಪಿಸಿಎಂಸಿ ತೆಗೆದುಕೊಂಡರೆ ಮಿದುಳಿನ ಬಾಗಿಲು ಮುಚ್ಚಿತು ಎಂದು ನನಗೆ ಯಾರು ಹೇಳಿದ್ದರೋ! ಅದರಲ್ಲಿ ಹದಿನೇಳನೇ ವಾರದ ಚಿತ್ರ ತೆರೆದೆ. ನೇರಳೆ ಚುಕ್ಕಿಗಳು ಗುಂಪುಗುಂಪಾಗಿದ್ದವು, ಅರ್ಧ ದಾರಿಯಲ್ಲಿ. ಗಣೇಶನ ಹಬ್ಬದ ಪುಟ್ಟ. ಲ್ಯಾಪ್‌ಟಾಪನ್ನು ಚಿಕ್ಕಮ್ಮನ ಕಡೆ ತಿರುಗಿಸಲು ಹೋಗಿ ಬೇಡವೆನಿಸಿ ಮುಚ್ಚಿಬಿಟ್ಟೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಬಸ್ಸಿನ ಚಿತ್ರ ಬರೆದು ತೋರಿಸಿದೆ.

ಚಿಕ್ಕಮ್ಮ ಕ್ಯಾಲೆಂಡರನ್ನು ತಾವೇ ಎಣಿಸಿದರು. ಒಮ್ಮೆ ಅಲ್ಲ, ಮೂರು ಸಲ. “ಗಣೇಶನ ಹಬ್ಬಕ್ಕೆ ನಾನು ತವರಲ್ಲಿ ಮಲಗಿಕೊಂಡೇ ಇದ್ದೆ ಕಣೆ. ಏನೂ ಮಾಡಿರಲಿಲ್ಲ” ಎಂದರು. ಅಜ್ಜಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದವರು, “ಗ್ರಹಣದಲ್ಲಿ ಹೆಚ್ಚಬಾರದು ಅಂದ್ರೆ ಹೆಚ್ಚಬಾರದು ಅಷ್ಟೆ” ಎಂದು ಒಳಗೆ ಹೋದರು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು, ಆಪರೇಷನ್ ಆದರೆ ಕೂದಲು ಪೂರ್ತಿ ತೆಗೆಯುತ್ತಾರಾ ಎಂದು ಕೇಳಿದರು.

ಬಸ್ಸಿನ ಚಿತ್ರವೂ ಕ್ಯಾಲೆಂಡರಿನ ಹಾಳೆಗಳೂ ಈಗ ಆ ಫೈಲಿನಲ್ಲೇ ಇವೆ. ಅದರ ಹಿಂದೆ ಚಿಕ್ಕಮ್ಮ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡಿದ್ದಾರೆ, ಏಳು ಇವೆ. ವಿಡಿಯೊ ಇಇಜಿಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಅದೇ ವಾರ ನನಗೆ ಇಂಟರ್ನಲ್ಸ್. ಬುಧವಾರ ಒಂದು ದಿನ ಬಿಡುವಿದೆ, ರಾತ್ರಿ ಬಸ್ಸಿಗೆ ಹೋಗಿ ಬರುತ್ತೇನೆ.